ಇಪ್ಪತ್ತು ಸೆಕೆಂಡಿನ ಮೌನ

ಬೆಳಗಿನ 6 ಗಂಟೆಗೆ ಗುಡ್ಡದ ಮೇಲೆ ಇನ್ನೂ ಇಬ್ಬನಿ ಇಳಿಯುತ್ತಿರುತ್ತದೆ. 10 ಅಡಿ ಉದ್ದ, 8 ಅಡಿ ಅಗಲದ ಕೋಣೆ. ಬೀಗ ತೆಗೆದು ಒಳಗೆ ಹೋದವನು ಟ್ರಾನ್ಸ್‌ಮಿಟರ್ ಕಡೆ ನೋಡುವ ಮೊದಲು ಕಿಟಕಿಯ ಕಟ್ಟೆಯ ಮೇಲಿರುವ ಹಳೆಯ ರೇಡಿಯೊದ ಕಿವಿ ಹಿಂಡುತ್ತೇನೆ. ಮುಳ್ಳು 90.4ರ ಹತ್ತಿರವೇ ಇರುತ್ತದೆ, ಅದನ್ನು ಯಾರೂ ಕದಲಿಸಬಾರದೆಂದು ಕಟ್ಟಪ್ಪಣೆ. ನಮ್ಮ ನಿಲಯ ಇನ್ನೂ ಎದ್ದಿರುವುದಿಲ್ಲವಾದ್ದರಿಂದ ಪೆಟ್ಟಿಗೆಯಿಂದ ಬರುವುದು ಬರೀ ಸುಯ್ ಎಂಬ ಸದ್ದು. ಕಾದ ಹೆಂಚಿಗೆ ನೀರು ಚಿಮುಕಿಸಿದಂತೆ, ಆದರೆ ಆರದೆ. ಆಮೇಲೆ ಟ್ರಾನ್ಸ್‌ಮಿಟರ್‌ನ ಸ್ವಿಚ್ ಹಾಕುತ್ತೇನೆ. ಫ್ಯಾನು ತಿರುಗುತ್ತದೆ, ಅಂಕಿಗಳು ಸೊನ್ನೆಯಿಂದ ಏರಿ 50 ವ್ಯಾಟ್‌ಗೆ ಬಂದು ನಿಲ್ಲುತ್ತವೆ. ಅದೇ ಗಳಿಗೆಗೆ ರೇಡಿಯೊದ ಸುಯ್ಯಾಟ ಪಟ್ಟನೆ ನಿಂತುಹೋಗುತ್ತದೆ. ಹಾಡಿಲ್ಲ, ಮಾತಿಲ್ಲ. ಆದರೂ ಯಾರೋ ಬಂದು ಬಾಗಿಲಲ್ಲಿ ನಿಂತಿದ್ದಾರೆ ಎಂದು ಗೊತ್ತಾಗುತ್ತದೆ.

ನಿಲಯವಿಲ್ಲದಾಗ ಎಫ್.ಎಂ. ಪೆಟ್ಟಿಗೆ ಸುಮ್ಮನಿರುವುದಿಲ್ಲ, ಗದ್ದಲ ಮಾಡುತ್ತದೆ. ನಿಲಯ ಬಂದು ಇನ್ನೂ ಬಾಯಿ ತೆರೆಯದಿದ್ದಾಗಲೇ ಅದು ನಿಜವಾಗಿ ಸುಮ್ಮನಾಗುವುದು. ವಾಹಕ ಅಲೆ, ನಮ್ಮ ಬಾಯಲ್ಲಿ ಕ್ಯಾರಿಯರ್, ಬಂದಿದೆ ಎಂಬುದಕ್ಕೆ ಆ ನಿಶ್ಶಬ್ದವೇ ಸಾಕ್ಷಿ. ಕೆಳಗೆ ಊರಿನ ಸ್ಟುಡಿಯೊದಲ್ಲಿ ಹುಡುಗಿ ಬಂದು 6.30ಕ್ಕೆ ನಮಸ್ಕಾರ ಹೇಳುವವರೆಗೆ ನಾನೂ ಅದೂ ಜೊತೆಗಿರುತ್ತೇವೆ. ವರ್ಷಗಟ್ಟಲೆ ಆಕಾಶವಾಣಿಯ ಕಂಟ್ರೋಲ್ ರೂಮುಗಳಲ್ಲಿ ಬೆಳಗಿನ ಪಾಳಿ ಮಾಡಿದವನು ನಾನು. ಚಿಂತನ ಎಂಬ ಕಾರ್ಯಕ್ರಮದ ಟೇಪುಗಳನ್ನು ಎಷ್ಟು ಸಲ ಹಾಕಿದ್ದೇನೋ ಲೆಕ್ಕವಿಲ್ಲ, ಕೂತು ಕೇಳಿದ್ದು ಕಡಿಮೆ. ಮೀಟರಿನ ಮುಳ್ಳು ಆಡುತ್ತಿದೆಯೇ ಎಂದಷ್ಟೇ ನೋಡುತ್ತಿದ್ದೆ. ನಿವೃತ್ತಿಯಾಗಿ ಊರಿಗೆ ಬಂದು, ಈ ಸಮುದಾಯ ಬಾನುಲಿ ಕಟ್ಟುವವರು ಕರೆದಾಗ ಗುಡ್ಡ ಹತ್ತಿದ ಮೇಲೆ ನನ್ನ ಪಾಲಿನ ಚಿಂತನ ಶುರುವಾದದ್ದು. ಇವತ್ತು ಜನವರಿ 30. ಇವತ್ತು ಮೌನದ ವಿಷಯದಲ್ಲಿ ನನಗೊಂದು ಕೆಲಸವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಳ್ಳಿಯವರು ತಮ್ಮದೇ ರೇಡಿಯೊ ಇಟ್ಟುಕೊಳ್ಳುವುದು ಬಹಳ ಹಿಂದಿನ ಮಾತಲ್ಲ. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಆದರೂ ಸಂಘ ಸಂಸ್ಥೆಗಳ ಕೈಗೆ ಪರವಾನಗಿ ಸಿಗುವಂತಾದದ್ದು 2006ರ ನೀತಿಯ ನಂತರ. ನಡುವಿನ ಆ ವರ್ಷಗಳಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಸುಮ್ಮನೆ ಕೂರಲಿಲ್ಲ. ಆಕಾಶಕ್ಕೆ ದನಿ ಬಿಡಲು ಅನುಮತಿ ಇಲ್ಲವೆಂದಾಗ, ಮನೆಮನೆಗೆ ಟಿ.ವಿ. ತರುವ ಕೇಬಲ್ ತಂತಿಯಲ್ಲೇ ತಮ್ಮ ‘ನಮ್ಮ ಧ್ವನಿ’ಯನ್ನು ಹರಿಸಿದರು. ರೇಡಿಯೊ ಅನ್ನುವುದನ್ನು ತಂತಿಯಲ್ಲಿ ಕಟ್ಟಿ ಮನೆಗೆ ತಲುಪಿಸಿದ ಊರು ಅದು. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಕಸುಬಿನಲ್ಲಿ ನಾನು ಕಂಡಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಮೈಸೂರು ಇದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ಅದಕ್ಕೆ ಆಕಾಶವಾಣಿ ಎಂದು ಹೆಸರಾಯಿತು, ಆ ಹೆಸರೇ ಮುಂದೆ ದೇಶದ್ದಾಯಿತು. ಮನೆಯ ಹಜಾರದಲ್ಲಿ ಹುಟ್ಟಿದ ಹೆಸರು ಅದು. ನಮ್ಮ ಈ ಹತ್ತಡಿ ಕೋಣೆಯನ್ನು ನೋಡಿ ಯಾರಾದರೂ ನಕ್ಕರೆ ನಾನು ಅದನ್ನು ನೆನಪಿಸುವುದುಂಟು.

ನಮಗೆ ಕೊಟ್ಟಿರುವ ಅಳತೆ ಚಿಕ್ಕದು. ಟ್ರಾನ್ಸ್‌ಮಿಟರ್ 50 ವ್ಯಾಟ್. ಆಂಟೆನಾ ಕೂಡಿಸಿಕೊಡುವ ಬಲವೆಲ್ಲ ಸೇರಿ 100 ವ್ಯಾಟ್ ಮೀರಬಾರದು. ಆಂಟೆನಾ ನೆಲದಿಂದ 30 ಮೀಟರಿಗಿಂತ ಮೇಲೆ ಹೋಗಬಾರದು. ಎಲ್ಲ ಸರಿಯಿದ್ದರೆ ಸುತ್ತಲಿನ ಹತ್ತು ಕಿಲೋಮೀಟರ್‌ವರೆಗೆ ಕೇಳಿಸುತ್ತದೆ. ಮಿತಿ ಚಿಕ್ಕದಾದಷ್ಟೂ ಪೋಲು ದೊಡ್ಡದಾಗಿ ಕಾಣುತ್ತದೆ. ಮೊದಲು ದುಡ್ಡು ಉಳಿಸಲು ಸಣ್ಣ ಕೇಬಲ್ ಎಳೆಯೋಣ ಎಂದಿದ್ದರು ಕಮಿಟಿಯವರು. 30 ಮೀಟರ್ ಹತ್ತುವಷ್ಟರಲ್ಲಿ ಆ ಕೇಬಲ್ಲೇ ಮೂರರಲ್ಲೊಂದು ಪಾಲು ಶಕ್ತಿಯನ್ನು ತಿಂದುಬಿಡುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದೆ. ಹಾಲು ಕರೆದು ಡೇರಿಗೆ ಒಯ್ಯುವಷ್ಟರಲ್ಲಿ ದಾರಿಯಲ್ಲೇ ಮೂರರಲ್ಲೊಂದು ಪಾಲು ಚೆಲ್ಲಿದರೆ ಹೇಗೆ ಎಂದು ಒಬ್ಬಾಕೆ ಕೇಳಿದರು. ದಪ್ಪ ಕೇಬಲ್ ಬಂತು.

ಕಟ್ಟುವ ಕಾಲದ ಕೆಲಸಗಳಲ್ಲಿ ನನಗೆ ಈಗಲೂ ಮುದ ಕೊಡುವುದು ಎರಡು. ಒಂದು, ಕೇಬಲ್ ಗೋಡೆಯೊಳಗೆ ನುಗ್ಗುವ ಮುಂಚೆ ಅದನ್ನು ಕೆಳಕ್ಕೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತಿರುಗಿಸುವುದು. ಹಸುವಿನ ಗಂಗೆದೊಗಲಿನ ಹಾಗೆ ಕಾಣುತ್ತದೆ. ಕಂಬದುದ್ದಕ್ಕೂ ಇಳಿದುಬಂದ ಮಳೆನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ನೆಲ ಸೇರುತ್ತದೆ, ಕೋಣೆಯೊಳಗೆ ಬರುವುದಿಲ್ಲ. ಯಾವ ಯಂತ್ರವೂ ಇಲ್ಲದೆ, ಬರೀ ಒಂದು ಬಾಗಿನಿಂದ. ಇನ್ನೊಂದು, ಅರ್ಥಿಂಗ್ ಗುಂಡಿ. ಗುಡ್ಡದ ನೆತ್ತಿಯೆಲ್ಲ ಬಂಡೆ. ಸಿಡಿಲನ್ನು ನೆಲಕ್ಕೆ ಇಳಿಸಲು ನೆಲವೇ ಇಲ್ಲ. ಇಳಿಜಾರಿನಲ್ಲಿ ಮಣ್ಣು ಸಿಕ್ಕುವ ಜಾಗ ಹುಡುಕಿ, ಎಂಟಡಿ ತೋಡಿ, ತಾಮ್ರದ ತಗಡು ನಿಲ್ಲಿಸಿ, ಒಂದು ಪದರ ಇದ್ದಿಲು ಒಂದು ಪದರ ಕಲ್ಲುಪ್ಪು ತುಂಬಿದೆವು. ಗುಂಡಿ ತೋಡಲು ಬಂದಿದ್ದ ಮುದುಕರು ಉಪ್ಪಿನ ಮೂಟೆ ನೋಡಿ, “ಏನ್ ಸಾಮಿ, ಉಪ್ಪಿನಕಾಯಿ ಹಾಕ್ತೀರಾ?” ಎಂದರು. ಬೇಸಿಗೆಯಲ್ಲಿ ಆ ಗುಂಡಿ ಒಣಗಬಾರದು, ವಾರಕ್ಕೆರಡು ಕೊಡ ನೀರು ಹುಯ್ಯಬೇಕು. ಗುಡ್ಡದ ಮೇಲೆ ಗಿಡವಿಲ್ಲದ ಜಾಗಕ್ಕೆ ನೀರೆರೆಯುವುದನ್ನು ಕಂಡು ಕುರಿ ಕಾಯುವ ಹುಡುಗರು ನಗುತ್ತಾರೆ.

ಟ್ರಾನ್ಸ್‌ಮಿಟರ್ ಬಂದ ದಿನ ಅದನ್ನು ನೇರವಾಗಿ ಆಂಟೆನಾಗೆ ಕಟ್ಟಲಿಲ್ಲ. ಡಮ್ಮಿ ಲೋಡ್ ಎಂಬ ಒಂದು ರೆಕ್ಕೆರೆಕ್ಕೆಯ ಲೋಹದ ತುಂಡಿಗೆ ಕಟ್ಟಿದೆವು. ಟ್ರಾನ್ಸ್‌ಮಿಟರ್ ಹೇಳಿದ್ದನ್ನೆಲ್ಲ ಅದು ನುಂಗಿ ಬಿಸಿಯಾಗುತ್ತದೆ, ಒಂದು ಅಕ್ಷರವೂ ಹೊರಗೆ ಹೋಗುವುದಿಲ್ಲ. ಮೊದಲ ಒಂದು ಗಂಟೆ ನಮ್ಮ ನಿಲಯ ಆಡಿದ ಮಾತು ಕೇಳಿದ್ದು ಆ ಲೋಹದ ತುಂಡು ಮಾತ್ರ. ಮರುದಿನ ಆಂಟೆನಾ ಕಟ್ಟಿದೆವು. 90.4ರ ಅಲೆ 3.3 ಮೀಟರ್ ಉದ್ದ. ಅದಕ್ಕೆ ಒಗ್ಗುವ ಕಡ್ಡಿ ಅದರ ಅರ್ಧಕ್ಕೂ ಚೂರು ಕಡಿಮೆ, 1.6 ಮೀಟರಿನ ಆಸುಪಾಸು. ನಮ್ಮ ಎಲ್ಲ ಸೋಬಾನೆ ಪದ, ಎಲ್ಲ ರೇಷ್ಮೆ ದರ, ಎಲ್ಲ ಲಸಿಕೆ ತಾರೀಕು ಒಬ್ಬ ಆಳೆತ್ತರದ ಅಲ್ಯೂಮಿನಿಯಂ ಕಡ್ಡಿಯಿಂದ ಹೊರಡುತ್ತವೆ. ಮೀಟರಿನಲ್ಲಿ ಎರಡು ಅಂಕಿ: ಹೋದದ್ದು 50, ಮರಳಿ ಬಂದದ್ದು ಒಂದಕ್ಕಿಂತ ಕಡಿಮೆ. ಕಳಿಸಿದ್ದು ಹೆಚ್ಚಾಗಿ ಮರಳಿ ಬಂದರೆ ಎಲ್ಲೋ ನೀರು ಹೊಕ್ಕಿದೆ, ಇಲ್ಲವೇ ಇರುವೆ ಗೂಡು ಕಟ್ಟಿದೆ ಎಂದು ಅರ್ಥ.

ಇಷ್ಟರವರೆಗಿನದು ದನಿಯನ್ನು ಹೊರಗೆ ಕಳಿಸುವ ಕೆಲಸ. ಕಳಿಸಲು ದನಿ ಗುಡ್ಡಕ್ಕೆ ಬರಬೇಕಲ್ಲ? ಸ್ಟುಡಿಯೊ ಎರಡು ಕಿಲೋಮೀಟರ್ ಆಚೆ, ಊರೊಳಗೆ, ಹಳೆಯ ಶಾಲೆಯ ಒಂದು ಕೊಠಡಿಯಲ್ಲಿದೆ. ಅಲ್ಲಿಯ ಮಾಳಿಗೆಯ ಮೇಲೊಂದು ಪುಟ್ಟ ಡಿಶ್, ಇಲ್ಲೊಂದು. ಅವೆರಡೂ ಎದುರುಬದುರು ನೋಡುತ್ತ ನಿಂತಿವೆ. ಅದು ಮೊದಲ ದಾರಿ. ಎರಡನೆಯದು ಮೊಬೈಲ್ ಡಾಟಾ: ಸ್ಟುಡಿಯೊದಿಂದ ಇಂಟರ್ನೆಟ್ಟಿಗೆ ಹೋಗಿ, ದೇಶವೆಲ್ಲ ಸುತ್ತಿ, ಒಂದು ಡಾಂಗಲ್ ಮೂಲಕ ಗುಡ್ಡಕ್ಕೆ ಬರುವ ದಾರಿ. ಮೂರನೆಯದಕ್ಕೆ ದಾರಿಯೇ ಇಲ್ಲ. ಗುಡ್ಡದ ಕೋಣೆಯಲ್ಲೇ ಇರುವ, ಅಂಗೈ ಅಗಲದ ಒಂದು ಪ್ಲೇಯರ್. ಅದರ ಮೆಮೊರಿ ಕಾರ್ಡಿನಲ್ಲಿ ಆರು ಗಂಟೆಯ ಬುತ್ತಿ.

ಇದು ನಾನು ಕಂಡುಹಿಡಿದದ್ದೇನಲ್ಲ. ಉಪಗ್ರಹ ಇಲ್ಲದ ಕಾಲದಲ್ಲಿ ದೆಹಲಿಯಿಂದ ಬರುತ್ತಿದ್ದ ವಾರ್ತೆಯನ್ನು ನಾವು ಶಾರ್ಟ್‌ವೇವ್‌ನಲ್ಲಿ ಹಿಡಿದು ಮರುಪ್ರಸಾರ ಮಾಡುತ್ತಿದ್ದೆವು. ಎರಡು ರಿಸೀವರುಗಳನ್ನು ಎರಡು ಬೇರೆ ಬೇರೆ ತರಂಗಾಂತರಕ್ಕೆ ಹಚ್ಚಿ, ಎರಡೂ ಕೈಯಲ್ಲಿ ಎರಡು ಗುಂಡಿ ಹಿಡಿದು ಕೂರಬೇಕಿತ್ತು. ಆಕಾಶದ ಮೇಲ್ಪದರಕ್ಕೆ ಬಡಿದು ಬರುವ ಅಲೆ ಉಸಿರಾಡಿದಂತೆ ಏರಿಳಿಯುತ್ತದೆ. ಒಂದು ಕುಗ್ಗಿದಾಗ ಇನ್ನೊಂದನ್ನು ಏರಿಸಬೇಕು. ದೆಹಲಿಯ ಓದುಗರು ಒಂದೇ ದನಿಯಲ್ಲಿ ಓದುತ್ತಿದ್ದಾರೆಂದು ಮನೆಯಲ್ಲಿ ಕೇಳುವವರಿಗೆ ಅನ್ನಿಸಬೇಕು. ಇನ್ಸಾಟ್-1ಬಿ 1983ರಲ್ಲಿ ಮೇಲೇರಿದ ಮೇಲೆ ನಿಲಯಗಳಿಗೆ ದೊಡ್ಡ ಡಿಶ್‌ಗಳು ಬಂದವು, ಆ ಏರಿಳಿತ ಹೋಯಿತು. ಆದರೆ ಉಪಗ್ರಹಕ್ಕೂ ಒಂದು ಗಂಡಾಂತರ ಇದೆ. ವರ್ಷಕ್ಕೆ ಎರಡು ಸಲ, ಹಗಲಿರುಳು ಸಮನಾಗುವ ದಿನಗಳ ಆಸುಪಾಸಿನಲ್ಲಿ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ. ಕೆಲವು ನಿಮಿಷ ಡಿಶ್‌ಗೆ ಸೂರ್ಯನ ಗದ್ದಲ ಬಿಟ್ಟು ಬೇರೇನೂ ಕೇಳುವುದಿಲ್ಲ. ಯಾವ ದಿನ, ಎಷ್ಟು ಹೊತ್ತು ಎಂಬುದು ಪಂಚಾಂಗದ ಗ್ರಹಣದಂತೆ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ಮಾಡುವಂಥದ್ದೇನಿಲ್ಲ, ಬೇರೆ ದಾರಿ ಸಿದ್ಧ ಇಟ್ಟುಕೊಂಡು ಕಾಯುವುದಷ್ಟೆ.

ನಮ್ಮ ಮೂರು ದಾರಿಗಳನ್ನು ನೋಡಿ ಮೊದಲ ವರ್ಷ ನನಗೆ ಬಹಳ ಧೈರ್ಯವಿತ್ತು. ಊರಿನ ಎಲ್ಲ ಮನೆಗಳಲ್ಲೂ ಇರುವ ಧೈರ್ಯವೇ ಅದು. ನಮ್ಮ ತೋಟದಲ್ಲಿ ಎರಡು ಬೋರ್‌ವೆಲ್ ಇದ್ದವು. ಒಂದು ಕೈಕೊಟ್ಟರೆ ಇನ್ನೊಂದಿದೆ ಎನ್ನುತ್ತಿದ್ದರು ಅಪ್ಪ. ಬೇಸಿಗೆಯಲ್ಲಿ ಒಂದು ಬತ್ತಿದ ಎಂಟೇ ದಿನಕ್ಕೆ ಇನ್ನೊಂದೂ ಬತ್ತಿತು. ಬಾಯಿ ಎರಡು, ಒಳಗಿನ ಸೆಲೆ ಒಂದೇ. ಒಂದು ಮೇ ತಿಂಗಳ ಗಾಳಿಮಳೆಗೆ ಊರ ಹೊರಗಿನ ಒಂದು ಕರೆಂಟು ಕಂಬ ಉರುಳಿತು. ಸ್ಟುಡಿಯೊದ ಬ್ಯಾಟರಿಗೆ ಯಾರೂ ಡಿಸ್ಟಿಲ್ಡ್ ವಾಟರ್ ಹಾಕಿರಲಿಲ್ಲ, ಅದು ಅರ್ಧ ಗಂಟೆಗೇ ಕಣ್ಣು ಮುಚ್ಚಿತು; ಡಿಶ್ ಹೋಯಿತು. ಮೊಬೈಲ್ ದಾರಿ ಇದೆಯಲ್ಲ ಎಂದರೆ, ಸ್ಟುಡಿಯೊವೇ ಕತ್ತಲಾದ ಮೇಲೆ ಆ ದಾರಿಯಲ್ಲಿ ಕಳಿಸುವುದೇನನ್ನು? ಅಲ್ಲದೆ ಊರಿನ ಮೊಬೈಲ್ ಟವರಿಗೂ ಕರೆಂಟು ಅದೇ ಕಂಬದ ಮೇಲೇ ಹಾಯುತ್ತಿತ್ತು, ಸಂಜೆಯ ಹೊತ್ತಿಗೆ ಅದೂ ಆರಿತು. ಕಾಗದದ ಮೇಲೆ ನಾನು ಬೇರೆ ಬೇರೆ ಬಣ್ಣದಲ್ಲಿ ಗೆರೆ ಎಳೆದಿದ್ದ ಎರಡು ದಾರಿಗಳೂ ಆ ಒಂದು ಸಿಮೆಂಟ್ ಕಂಬಕ್ಕೆ ಒರಗಿಕೊಂಡಿದ್ದವು. ಯಾವ ಯಾವುದು ಯಾವುದರ ಮೇಲೆ ನಿಂತಿದೆ ಎಂದು ಕಾಲ್ನಡಿಗೆಯಲ್ಲಿ ಹೋಗಿ ನೋಡಬೇಕು, ನಕ್ಷೆಯಲ್ಲಿ ಅದು ಕಾಣುವುದಿಲ್ಲ. ಆಮೇಲೆ ಲೈನ್‌ಮನ್ ಜೊತೆ ಒಂದು ದಿನ ಪೂರ್ತಿ ಕಂಬ ಎಣಿಸುತ್ತ ನಡೆದೆ. ಊರಿನ ಎಷ್ಟು ಬದುಕುಗಳು ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗೆ ಕೂತಿವೆ ಎಂದು ಅವತ್ತು ಗೊತ್ತಾಯಿತು: ಹಾಲಿನ ಡೇರಿಯ ಶೀತಲ ತೊಟ್ಟಿ, ನೀರಿನ ಟ್ಯಾಂಕು, ಆಸ್ಪತ್ರೆಯ ಲಸಿಕೆ ಪೆಟ್ಟಿಗೆ.

ಗುಡ್ಡದ ಮೇಲೆ ಮಾತ್ರ ಆ ಸಂಜೆ ದೀಪ ಉರಿಯುತ್ತಿತ್ತು. 150 ಆಂಪಿಯರ್-ಅವರ್‌ನ ಎರಡು ಬ್ಯಾಟರಿ. ಅರ್ಧದಷ್ಟೇ ಬಳಸಿದರೂ ಟ್ರಾನ್ಸ್‌ಮಿಟರನ್ನು ಎಂಟು ಗಂಟೆ ನಡೆಸುತ್ತವೆ ಎಂದು ನನ್ನ ಲೆಕ್ಕ, ಲೆಕ್ಕ ಸುಳ್ಳಾಗಲಿಲ್ಲ. ಮೂರನೆಯ ಮೂಲ, ಆ ಅಂಗೈಯಗಲದ ಪ್ಲೇಯರ್, ತಾನಾಗಿ ಎದ್ದು ನುಡಿಸತೊಡಗಿತು. ಅದರಲ್ಲಿ ನಾನು ತುಂಬಿದ್ದು ವೀಣೆ. ಆಕಾಶವಾಣಿಯ ರೂಢಿ: ಒಂದು ಭಾಷಣ ಎರಡು ನಿಮಿಷ ಮೊದಲೇ ಮುಗಿದರೆ, ಮುಂದಿನದು ಬರುವವರೆಗೆ ಒಂದು ಚೂರು ವಾದ್ಯ ಸಂಗೀತ. ಫಿಲ್ಲರ್ ಎನ್ನುತ್ತಿದ್ದೆವು. ಯಾರಿಗೂ ನೋವಾಗದ, ಯಾವ ಹೊತ್ತಿಗೂ ಸಲ್ಲುವ ಸಂಗೀತ ಎಂದು ನಾನು ತಿಳಿದಿದ್ದೆ. ಮಾರನೆಯ ಬೆಳಿಗ್ಗೆ ಗುಡ್ಡ ಇಳಿದು ಬಂದಾಗ ಟೀ ಅಂಗಡಿಯ ಮುಂದೆ ಕೂತಿದ್ದವರೆಲ್ಲ ಎದ್ದು ನಿಂತರು. “ಯಾರು ಹೋದ್ರು ಸರ್?” ನನಗೆ ಅರ್ಥವಾಗಲಿಲ್ಲ. “ರಾತ್ರಿಯೆಲ್ಲ ಬರೀ ವೀಣೆ ಹಾಕಿದ್ರಲ್ಲ. ಫೋನೂ ಇಲ್ಲ, ಟಿ.ವಿ.ಯೂ ಇಲ್ಲ. ಯಾರು ತೀರ್ಕೊಂಡ್ರು ಅಂತ ಗೊತ್ತಾಗ್ಲೇ ಇಲ್ಲ.” ದೊಡ್ಡವರು ತೀರಿಕೊಂಡಾಗ ರೇಡಿಯೊದಲ್ಲಿ ಹಾಡು ನಿಂತು ವಾದ್ಯ ಬರುತ್ತಿದ್ದ ದಿನಗಳನ್ನು ಅವರ ಕಿವಿ ಮರೆತಿರಲಿಲ್ಲ. ನಾನು ಏನೂ ಹೇಳುತ್ತಿಲ್ಲ ಎಂದುಕೊಂಡು ಇಡೀ ರಾತ್ರಿ ಸಾವಿನ ಸುದ್ದಿ ಹೇಳಿದ್ದೆ. ಒಬ್ಬರಂತೂ ಒಬ್ಬ ಹಳೆಯ ನಟರ ಹೆಸರು ಹಿಡಿದು ಮನೆಯಲ್ಲಿ ದುಃಖವನ್ನೂ ಪಟ್ಟು ಮುಗಿಸಿದ್ದರು.

ಈಗ ಕಾರ್ಡಿನಲ್ಲಿ ಬೇರೆ ಬುತ್ತಿ. ಮೊದಲಿಗೆ ನಮ್ಮ ಹುಡುಗಿಯ ದನಿ: ಸ್ಟುಡಿಯೊದಿಂದ ಸಂಪರ್ಕ ತಪ್ಪಿದೆ, ನಾವಿದ್ದೇವೆ, ಸರಿಪಡಿಸುತ್ತಿದ್ದೇವೆ. ಆಮೇಲೆ ಊರಿನವರದ್ದೇ ಹಾಡು. ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ಅದೇ ದನಿ. ದೂರದರ್ಶನದ ಕಾಲದಲ್ಲಿ ಅಡಚಣೆಗಾಗಿ ವಿಷಾದ ಎಂಬ ಹಲಗೆ ಬಂದು ನಿಂತರೆ ನಾವೆಲ್ಲ ಬೈಯುತ್ತಿದ್ದೆವು. ಅದರಲ್ಲಿದ್ದ ಮರ್ಯಾದೆ ಈಗ ಕಾಣುತ್ತದೆ.

ಬುತ್ತಿ ಇಟ್ಟರೆ ಸಾಲದು, ಹಳಸಿದೆಯೇ ನೋಡಬೇಕು. ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವ ಸಂಗತಿ: ನಡುರಾತ್ರಿ ಟೈರ್ ಒಡೆದು, ಎಲ್ಲರೂ ಇಳಿದು, ಕ್ಲೀನರ್ ಸ್ಟೆಪ್ನಿ ಇಳಿಸಿದರೆ ಅದರಲ್ಲಿ ಗಾಳಿ ಇರುವುದಿಲ್ಲ. ಹಾಗೆಂದು ನಾನು ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ನನ್ನ ಕೈಯಾರೆ ಡಿಶ್‌ನ ತಂತಿ ಕೀಳುತ್ತೇನೆ. ಗಡಿಯಾರ ನೋಡುತ್ತ ನಿಲ್ಲುತ್ತೇನೆ. ಎರಡನೆಯದು ಏಳುತ್ತದೆ. ಅದನ್ನೂ ಕೀಳುತ್ತೇನೆ. ಮೂರನೆಯದು ಏಳುತ್ತದೆ. ಚೆನ್ನಾಗಿ ನಡೆಯುತ್ತಿರುವುದನ್ನು ಕೈಯಾರೆ ಕೆಡಿಸುವುದಕ್ಕೆ ಪ್ರತಿ ತಿಂಗಳೂ ಮನಸ್ಸು ಹಿಂದೇಟು ಹಾಕುತ್ತದೆ, ಮೂವತ್ತು ವರ್ಷ ಮಾಡಿದವನಿಗೂ. ಒಮ್ಮೆ ಹಾಗೆ ಕಿತ್ತಾಗ ಮೂರನೆಯದು ಏಳಲೇ ಇಲ್ಲ. ಕಾರ್ಡಿನ ತಾಮ್ರದ ಹಲ್ಲುಗಳಿಗೆ ತೇವ ಹಿಡಿದು ಹಸಿರು ಕಟ್ಟಿತ್ತು. ರಬ್ಬರಿನಿಂದ ಉಜ್ಜಿದೆ, ಸರಿಹೋಯಿತು. ಎಷ್ಟು ದಿನದಿಂದಲೋ ಅದು ಅಲ್ಲಿ ಹಸಿರು ದೀಪ ಬೆಳಗಿಸಿಕೊಂಡು, ಸಿದ್ಧವಾಗಿರುವವರ ಹಾಗೆ ಕೂತಿತ್ತು.

ಈ ಮೂರರಲ್ಲಿ ಯಾವುದು ಯಾವಾಗ ಮಾತಾಡಬೇಕೆಂದು ತೀರ್ಮಾನಿಸುವುದು ಇನ್ನೊಂದು ಪುಟ್ಟ ಪೆಟ್ಟಿಗೆ. ಸೈಲೆನ್ಸ್ ಡಿಟೆಕ್ಟರ್ ಎಂದು ಅದರ ಹೆಸರು, ಮೌನ ಹಿಡಿಯುವುದು ಅದರ ಕಸುಬು. ಬರುತ್ತಿರುವ ದನಿ ಒಂದು ಗೆರೆಗಿಂತ ಕೆಳಗಿಳಿದರೆ ಎಣಿಸಲು ಶುರುಮಾಡುತ್ತದೆ. ಇಷ್ಟು ಸೆಕೆಂಡ್ ಆಯಿತೆಂದರೆ ಮುಂದಿನ ಮೂಲಕ್ಕೆ ಹಾರುತ್ತದೆ. ಎಷ್ಟು ಸೆಕೆಂಡ್ ಎಂಬುದನ್ನು ನಾವು ಹೇಳಿಕೊಡಬೇಕು. ನಾನು ಮೊದಲು 10 ಇಟ್ಟಿದ್ದೆ. ಪ್ರಸಾರದಲ್ಲಿ 10 ಸೆಕೆಂಡ್ ಅಂದರೆ ಯುಗ. ಡ್ಯೂಟಿ ರೂಮಿನಲ್ಲಿ ಅಷ್ಟು ಹೊತ್ತು ಸದ್ದಿಲ್ಲದಿದ್ದರೆ ಮೂರು ಜನ ಓಡಿಬರುತ್ತಿದ್ದರು.

ಒಂದು ಬೆಳಿಗ್ಗೆ ಎಂಬತ್ತು ದಾಟಿದ ಅಜ್ಜಿಯೊಬ್ಬರನ್ನು ಸ್ಟುಡಿಯೊಗೆ ಕರೆತಂದಿದ್ದರು. ರಾಗಿ ಬೀಸುವ ಪದ ಹೇಳುತ್ತಿದ್ದರು. ಅರ್ಧದಲ್ಲಿ ನಿಂತರು. ಮುಂದಿನ ಸಾಲು ಮರೆತಿತ್ತೋ, ಯಾರಾದರೂ ನೆನಪಾಗಿದ್ದರೋ. ನಮ್ಮ ಹುಡುಗಿ ಬುದ್ಧಿವಂತೆ. ಬಾಯಿ ಹಾಕದೆ ಕಾದಳು. ಯಂತ್ರ ಕಾಯಲಿಲ್ಲ. ಹತ್ತಕ್ಕೆ ಎರಡನೆಯ ದಾರಿಗೆ ಹಾರಿತು, ಅಲ್ಲೂ ಅದೇ ಮೌನ; ಮತ್ತೆ ಹತ್ತಕ್ಕೆ ಸರಿಯಾಗಿ ಅಜ್ಜಿಯ ಮೇಲೆ ಬೇರೆ ಹಾಡು ಬಂದು ಕೂತಿತು. ಅವರು ಆಮೇಲೆ ಮೊಮ್ಮಗನ ಮೊಬೈಲಿನಲ್ಲಿ ಮಾತಾಡಿದರು: “ನಾನಿನ್ನೂ ಮುಗ್ಸಿರ್ನಿಲ್ಲ ಕಣಪ್ಪ. ನೆಪ್ಪಿಗೆ ತಂದ್ಕೊತಿದ್ದೆ. ಬಾಯಿಂದ ಕಿತ್ಕೊಂಡ್ಬುಟ್ರಲ್ಲ.” ಅವತ್ತೇ ಗುಡ್ಡ ಹತ್ತಿ 20 ಮಾಡಿದೆ. ಇಪ್ಪತ್ತು ಸರಿ ಎಂಬುದಕ್ಕೆ ಯಾವ ಪುಸ್ತಕದ ಆಧಾರವೂ ಇಲ್ಲ. ಒಬ್ಬ ಅಜ್ಜಿ ಒಂದು ಸಾಲು ನೆನಪಿಗೆ ತಂದುಕೊಳ್ಳಲು ಬೇಕಾಗುವ ಹೊತ್ತು ಅಷ್ಟಿರಬಹುದು ಎಂದು ನನ್ನ ಅಂದಾಜು. ಮೊದಲ ದಾರಿ ಸರಿಹೋದ ಕೂಡಲೇ ಅದಕ್ಕೆ ಮರಳುವಂತೆಯೂ ಇಟ್ಟಿಲ್ಲ. ಒಂದು ನಿಮಿಷ ಅದು ತಡವರಿಸದೆ ಮಾತಾಡಿದರೆ ಮಾತ್ರ. ಇಲ್ಲದಿದ್ದರೆ ಹೋಗುವ ಬರುವ ಕರೆಂಟಿನಂತೆ ಎರಡೂ ಕಡೆ ಕುಣಿಯುತ್ತಿರುತ್ತದೆ, ಕೇಳುವವರಿಗೆ ತಲೆನೋವು.

ಆ ಪೆಟ್ಟಿಗೆಯ ಇನ್ನೊಂದು ಅಜ್ಞಾನ ಗೊತ್ತಾದದ್ದು ಮಳೆಗಾಲದಲ್ಲಿ. ಸ್ಟುಡಿಯೊದ ಮಿಕ್ಸರಿನ ಒಂದು ತಂತಿ ಸಡಿಲವಾಗಿ, ಮಾತಿನ ಬದಲು ಗುಂಯ್ ಎಂಬ ಸದ್ದು ಬರತೊಡಗಿತು. ಹುಡುಗಿ ಹಾಕಿದ್ದು ಅರ್ಧ ಗಂಟೆಯ ಧ್ವನಿಮುದ್ರಣ, ಹಾಕಿ ತಿಂಡಿಗೆ ಹೋಗಿದ್ದಳು. ನಾನು ಸಂತೆಗೆ. ಯಂತ್ರ ನೆಮ್ಮದಿಯಾಗಿತ್ತು. ಅದಕ್ಕೆ ಬೇಕಾದದ್ದು ಸದ್ದು, ಸದ್ದು ಬರುತ್ತಿತ್ತು, ಗೆರೆಗಿಂತ ಮೇಲೆಯೇ. ಅರ್ಥವಿಲ್ಲದ ಗುಂಯ್ಗುಟ್ಟುವಿಕೆಯನ್ನು ಕಾರ್ಯಕ್ರಮ ಎಂದು ತಿಳಿದು ಅದು ಹಾಗೇ ಬಿಟ್ಟಿತು. ಹಿಡಿದದ್ದು ಅದೇ ಅಜ್ಜಿ. ಅಡುಗೆ ಮನೆಯಲ್ಲಿ ರೇಡಿಯೊ ಇಟ್ಟುಕೊಂಡವರು ಅವರು. “ಏನ್ ಸಾಮಿ, ಬೆಳಿಗ್ಗೆಯಿಂದ ನಿಮ್ ರೇಡಿಯೊದಾಗೆ ಜೇನು ಎದ್ದೈತೆ?” ನಡುವೆ ನಿಂತ ಅಜ್ಜಿಯ ಉಸಿರನ್ನು ಯಂತ್ರ ದೋಷ ಎಂದಿತ್ತು, ಜೇನಿನ ಗುಂಯ್ಕಾರವನ್ನು ಮಾತು ಎಂದಿತು. ಎರಡೂ ಸಲ ಸರಿಯಾಗಿ ಕೇಳಿಸಿಕೊಂಡವರು ಒಬ್ಬರೇ, ಅವರ ಬಳಿ ಮೀಟರ್ ಇರಲಿಲ್ಲ. ಅವರ ನಂಬರನ್ನು ಟ್ರಾನ್ಸ್‌ಮಿಟರಿನ ಪಕ್ಕದ ಗೋಡೆಗೆ ಬರೆದು ಅಂಟಿಸಿದ್ದೇನೆ, ಲೈನ್‌ಮನ್ ನಂಬರಿನ ಮೇಲೆ. ನನ್ನ ಪಟ್ಟಿಯಲ್ಲಿ ನಾಲ್ಕನೆಯ ವ್ಯವಸ್ಥೆ ಅವರು.

ಯಂತ್ರವನ್ನು ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ನಾನೂ ಮೀಟರ್ ನೋಡಿಯೇ ಮೂವತ್ತು ವರ್ಷ ಸಂಬಳ ತೆಗೆದುಕೊಂಡವನು. ಮನೆಯಲ್ಲೂ ಅದೇ ಅಭ್ಯಾಸ ಇತ್ತು. ಊಟಕ್ಕೆ ಕೂತಾಗ ಯಾರಾದರೂ ಹೆಚ್ಚು ಹೊತ್ತು ಸುಮ್ಮನಿದ್ದರೆ ಏನಾಯಿತು, ಏನಾಯಿತು ಎಂದು ಕೇಳುತ್ತಿದ್ದೆ. ಮಾತಾಡುತ್ತಲೇ ಇದ್ದರೆ ಎಲ್ಲ ಸರಿಯಿದೆ ಎಂದು ಅನ್ನಕ್ಕೆ ಸಾರು ಕಲಸುತ್ತಿದ್ದೆ. ನನ್ನ ಹೆಂಡತಿ ಒಮ್ಮೆ ಬಹಳ ದಿನ ಬಹಳ ಮಾತಾಡಿದಳು: ಬೀದಿಯ ವಿಷಯ, ಸೀರೆಯ ವಿಷಯ, ಹಾಲಿನವನ ವಿಷಯ. ಅದು ಯಾವುದನ್ನು ಮುಚ್ಚಲು ಎಂದು ನನಗೆ ಗೊತ್ತಾದದ್ದು ಆಸ್ಪತ್ರೆಯ ಚೀಟಿ ಕೈಗೆ ಬಂದಾಗ. ಈಗ ಅವಳು ಆರೋಗ್ಯವಾಗಿದ್ದಾಳೆ. ಬೆಳಿಗ್ಗೆ ಫ್ಲಾಸ್ಕಿಗೆ ಕಾಫಿ ತುಂಬಿ ಕೊಡುವಾಗ ಏನೂ ಮಾತಾಡುವುದಿಲ್ಲ, ನಾನೂ ಎಣಿಸುವುದಿಲ್ಲ.

ಇವತ್ತಿನ ಕೆಲಸಕ್ಕೆ ಬಂದೆ. ಜನವರಿ 30, ಬೆಳಿಗ್ಗೆ 11 ಗಂಟೆಗೆ ದೇಶವೆಲ್ಲ ಎರಡು ನಿಮಿಷ ಮೌನ. 1948ರ ಆ ಸಂಜೆಗೆ, ಗಾಂಧಿಗೆ, ಮತ್ತು ಅಂಥ ಎಲ್ಲರಿಗೆ. ನಮ್ಮ ನಿಲಯ ಶುರುವಾದ ಮೇಲೆ ಬಂದ ಮೊದಲ ಜನವರಿಯಲ್ಲಿ ಶಾಲೆಯ ಮಕ್ಕಳನ್ನು ಸ್ಟುಡಿಯೊದ ಮುಂದೆ ಸೇರಿಸಿ, ಮೌನವನ್ನೂ ಪ್ರಸಾರ ಮಾಡೋಣ ಎಂದರು. ಮೌನವನ್ನು ಪ್ರಸಾರ ಮಾಡುವುದು ನನ್ನ ಕಸುಬಿನವರು ಜೀವಮಾನವಿಡೀ ತಪ್ಪಿಸಿದ ಕೆಲಸ. ಆದರೂ ಒಪ್ಪಿದೆ. 11ಕ್ಕೆ ಮಕ್ಕಳು ನಿಂತರು. ನಾನು ಗುಡ್ಡದ ಮೇಲೆ ಕಣ್ಣು ಮುಚ್ಚಿ ನಿಂತೆ. ಇಪ್ಪತ್ತು ಸೆಕೆಂಡಿಗೆ ನನ್ನ ಬೆನ್ನ ಹಿಂದೆ ರಿಲೇ ಟಿಕ್ ಎಂದಿತು. ಎರಡನೆಯ ದಾರಿಯಲ್ಲೂ ಅದೇ ಮಕ್ಕಳ ಮೌನ. ಮತ್ತೆ ಇಪ್ಪತ್ತು, ಮತ್ತೆ ಟಿಕ್. ಮೂರನೆಯದು ಎದ್ದಿತು. ಆ ಹೊತ್ತಿಗೆ ಕಾರ್ಡಿನಲ್ಲಿ ಬಂದದ್ದು ಸುಗ್ಗಿಯ ಕುಣಿತದ ಹಾಡು, ತಮಟೆ ಸಮೇತ. ಸ್ಟುಡಿಯೊದ ಹೊರಗಿನ ಧ್ವನಿವರ್ಧಕಕ್ಕೂ ರೇಡಿಯೊವನ್ನೇ ಕಟ್ಟಿದ್ದರಿಂದ ತಲೆ ತಗ್ಗಿಸಿ ನಿಂತ ಇಡೀ ಶಾಲೆಯ ಮೇಲೆ ತಮಟೆ ಬಿತ್ತು. ಮಕ್ಕಳು ನಕ್ಕರಂತೆ. ಮುಖ್ಯೋಪಾಧ್ಯಾಯರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಮೌನ ಹಿಡಿಯುವ ಆ ಪೆಟ್ಟಿಗೆಯ ಹಿಂದೆ ಒಂದು ಸಣ್ಣ ಗುಂಡಿ ಇದೆ. ಕೆಳಕ್ಕೆ ತಳ್ಳಿದರೆ ಅದು ಎಣಿಸುವುದನ್ನು ಬಿಡುತ್ತದೆ. ಬಿಟ್ಟ ಮೇಲೆ ಕಾಯುವವನು ನಾನು. ಆ ಎರಡು ನಿಮಿಷದಲ್ಲಿ ನಿಜವಾಗಿ ತಂತಿ ತುಂಡಾದರೂ ಯಂತ್ರ ಎದ್ದು ನುಡಿಸುವುದಿಲ್ಲ. ಅದು ತಂತಿ ತುಂಡಾದ ಮೌನವೋ ಮಕ್ಕಳು ನಿಂತ ಮೌನವೋ ಎಂದು ಹೇಗೆ ತಿಳಿಯುವುದು? ಹೋದ ವರ್ಷ ರೇಡಿಯೊಗೆ ಕಿವಿ ಒತ್ತಿ ನಿಂತಿದ್ದೆ. ಮೈಕು ತೆರೆದೇ ಇತ್ತು. ಚೆನ್ನಾಗಿ ಕೇಳಿಸಿಕೊಂಡರೆ ಅದರೊಳಗೆ ಬಹಳ ಇತ್ತು: ಒಂದು ಕೆಮ್ಮು, ಮರಳಿನ ಮೇಲೆ ಕಾಲು ಬದಲಿಸಿದ ಸದ್ದು, ಶಾಲೆಯ ಹಿಂದಿನ ಹೊಂಗೆ ಮರದ ಗಿಣಿಗಳು, ದೂರದಲ್ಲಿ ಎಲ್ಲೋ ಬಸ್ಸಿನ ಹಾರನ್. ಅಷ್ಟೂ ಆ ಯಂತ್ರದ ಗೆರೆಗಿಂತ ಕೆಳಗೆ.

ಈಗ ಗಂಟೆ 6.25. ಕೆಳಗಿನಿಂದ ಡಿಶ್‌ನ ದೀಪ ಹಸಿರಾಗಿದೆ, ಹುಡುಗಿ ಬಂದಿದ್ದಾಳೆ. ರೇಡಿಯೊದಲ್ಲಿ ಅವಳು ಕುರ್ಚಿ ಎಳೆದ ಸದ್ದು, ಕಾಗದ ಸರಿಪಡಿಸಿದ ಸದ್ದು. ಪಹರೆಯ ಪೆಟ್ಟಿಗೆಯನ್ನು ಎಚ್ಚರಗೊಳಿಸಿದೆ. ಫ್ಲಾಸ್ಕಿನ ಕಾಫಿ ಅರ್ಧ ಉಳಿದಿದೆ, ಅದು 11ರವರೆಗೆ ಆಗಬೇಕು. ಆಮೇಲೆ ಗಡಿಬಿಡಿಯಲ್ಲಿ ಮರೆತೇನೆಂದು ಲಾಗ್ ಪುಸ್ತಕದಲ್ಲಿ ಇವತ್ತಿನ ಸಾಲನ್ನು ಈಗಲೇ ಬರೆದಿಟ್ಟೆ:

11.00ರಿಂದ 11.02 — ಸದ್ದಿಲ್ಲ. ದೋಷವಿಲ್ಲ.

ಸಹಿ ಮಾತ್ರ ಹಾಕಿಲ್ಲ. ಅದನ್ನು ಕೇಳಿಸಿಕೊಂಡ ಮೇಲೆ ಹಾಕುತ್ತೇನೆ.